ಬಾವಿ ಮೋಟಾರಿಗೆ 150 ಮೀಟರ್ ಕೇಬಲ್: 2.5 ಸಾಕಾ, 6 ಬೇಕಾ?

ಅಡಿಕೆ ತೋಟ, ಸಾಗರ
ಮನೆಯಿಂದ ಬಾವಿಗೆ 150 ಮೀಟರ್. 1.5 ಎಚ್‌ಪಿ ಸಿಂಗಲ್ ಫೇಸ್ ಮೋಟಾರ್. 2.5 ಸ್ಕ್ವೇರ್ ಎಂಎಂ ಕಾಪರ್ ಕೇಬಲ್ ಎಳೆದಿದ್ದೇವೆ. ಬೆಳಿಗ್ಗೆ ಚೆನ್ನಾಗಿ ನೀರೆತ್ತುತ್ತದೆ. ಸಂಜೆ ಸ್ವಿಚ್ ಹಾಕಿದರೆ ಗುಂಯ್ ಅನ್ನುತ್ತದೆ, ತಿರುಗುವುದೇ ಇಲ್ಲ. ಆಗ ಮನೆ ಬೋರ್ಡಿನಲ್ಲಿ 205 ವೋಲ್ಟ್ ಇರುತ್ತದೆ. ಮೋಟಾರ್ ಸ್ಟಾರ್ಟ್ ಆಗಲು ನೆರವಾಗುವ ಕೆಪಾಸಿಟರ್ ಹೊಸದು. ಅಂಗಡಿಯವರು 6 ಸ್ಕ್ವೇರ್ ಹಾಕಿ ಅಂತಾರೆ. ಬರೀ ತಂತಿ ದಪ್ಪ ಮಾಡಿದರೆ ಅಷ್ಟು ವ್ಯತ್ಯಾಸ ಆಗುತ್ತಾ?

ಕಾಯಿಲ್ ಕಟ್ಟುವವನು, ಶಿರಸಿ
ಆಗುತ್ತದೆ ಮಾರಾಯ್ರೆ. ಸುಟ್ಟ ಮೋಟಾರ್ ಬಿಚ್ಚಿ ಕಾಯಿಲ್ ಕಟ್ಟುವುದೇ ನನ್ನ ಕೆಲಸ. ಬಿಚ್ಚಿದ ಕೂಡಲೇ ಸುಟ್ಟ ವಾರ್ನಿಶ್ ವಾಸನೆ, ಒಳಗೆ ಕಾಯಿಲ್ ಪೂರ್ತಿ ಕಪ್ಪು. ಎಷ್ಟೋ ಸಲ ತಪ್ಪು ಮೋಟಾರಿನದ್ದಲ್ಲ, ಕೇಬಲ್ಲಿನದ್ದು.

1 ಸ್ಕ್ವೇರ್ ಎಂಎಂ ಕಾಪರ್ ತಂತಿಗೆ 100 ಮೀಟರಿಗೆ ಸುಮಾರು 1.7 ಓಮ್ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ತಂತಿ ಒಡ್ಡುವ ತಡೆ. ಕರೆಂಟ್ ಹೋಗಿ ವಾಪಸ್ ಬರಬೇಕಲ್ವಾ, ಹಾಗಾಗಿ ನಿಮ್ಮದು 300 ಮೀಟರ್. 2.5ರಲ್ಲಿ ಅದು ಸುಮಾರು 2 ಓಮ್. ಮೋಟಾರ್ 10 ಆಂಪ್ಸ್ ಎಳೆದರೆ 20 ವೋಲ್ಟ್ ದಾರಿಯಲ್ಲೇ ಹೋಯಿತು. ಬಾವಿ ಹತ್ತಿರ ಉಳಿದದ್ದು 185. ಅದೂ ಓಡುವಾಗಿನ ಲೆಕ್ಕ. ಸ್ಟಾರ್ಟ್ ಆಗುವಾಗ ಮೋಟಾರ್ ಇದರ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ವೋಲ್ಟೇಜ್ ಇನ್ನೂ ಕುಸಿಯುತ್ತದೆ. ಗುಂಯ್ ಅನ್ನುವುದು ಅದಕ್ಕೇ. 6 ಹಾಕಿದರೆ ಓಡುವಾಗ 9 ವೋಲ್ಟ್ ಒಳಗೇ ಮುಗಿಯುತ್ತದೆ.

ಗುಂಯ್ ಅಂದರೆ ತಕ್ಷಣ ಆಫ್ ಮಾಡಿ. ಹಾಗೇ ಬಿಟ್ಟರೆ ಕಾಯಿಲ್ ಹೋಗುತ್ತದೆ.

ಫಿಸಿಕ್ಸ್ ಮೇಷ್ಟ್ರು
ಒಂದು ಮಾತು ಸೇರಿಸುತ್ತೇನೆ. 2.5, 6 ಅನ್ನುವುದು ತಂತಿಯ ಅಡ್ಡಳತೆ ಅಲ್ಲ, ಕತ್ತರಿಸಿದರೆ ಕಾಣುವ ಮುಖದ ವಿಸ್ತೀರ್ಣ. ಅಡ್ಡಳತೆ ಎರಡರಷ್ಟಾದರೆ ವಿಸ್ತೀರ್ಣ ನಾಲ್ಕರಷ್ಟು, ರೆಸಿಸ್ಟೆನ್ಸ್ ಕಾಲು ಭಾಗ. ಅಗ್ಗ ಅಂತ ಅಲ್ಯೂಮಿನಿಯಂ ತಂದರೆ ಅದೇ ಅಳತೆಗೆ ರೆಸಿಸ್ಟೆನ್ಸ್ ಒಂದೂವರೆ ಪಟ್ಟಿಗಿಂತ ಜಾಸ್ತಿ.

ಅಡಿಕೆ ತೋಟ, ಸಾಗರ
ಹಳೇ ಕೇಬಲ್ ಸುಮ್ನೆ ಬಿಸಾಕೋಕೆ ಮನಸ್ಸಿಲ್ಲ. ಅದರ ಜೊತೆಗೇ ಇನ್ನೊಂದು 2.5 ಎಳೆದು ಎರಡೂ ತುದಿ ಸೇರಿಸಬಹುದಾ?

ಕಾಯಿಲ್ ಕಟ್ಟುವವನು, ಶಿರಸಿ
ಲೆಕ್ಕಕ್ಕೆ ಸರಿ, ರೆಸಿಸ್ಟೆನ್ಸ್ ಅರ್ಧ ಆಗುತ್ತದೆ. ಆದರೆ ನಾನು ಮಾಡುವುದಿಲ್ಲ. ಒಂದರ ಜಾಯಿಂಟ್ ಸಡಿಲ ಆದರೆ ಪೂರ್ತಿ ಲೋಡ್ ಇನ್ನೊಂದರ ಮೇಲೆ ಬೀಳುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. 6 ಸ್ಕ್ವೇರ್ ಕಾಪರ್, ನಡುವೆ ಜಾಯಿಂಟ್ ಇಲ್ಲದ ಒಂದೇ ತುಂಡು ತಗೊಳ್ಳಿ. ಹಳೇದನ್ನು ಕೊಟ್ಟಿಗೆ ಲೈಟಿಗೆ ಹಾಕಿ.