ಕೆನ್ನೆ ಸ್ಟಾಕಿಗೆ ತಾಗಿದಾಗ ಇಯರ್‌ಮಫ್ ಮೇಲೇಳುತ್ತಿದೆಯೇ? ಶೂಟರ್‌ಗಳ ಕಿವಿ ರಕ್ಷಣೆ ಕುರಿತ ಪ್ರಶ್ನೋತ್ತರ

ಗುಂಪಿನ ಸದಸ್ಯರ ಪ್ರಶ್ನೆಗಳಿಗೆ ಒಬ್ಬರು ಆಡಿಯಾಲಜಿಸ್ಟ್ (ಶ್ರವಣ ತಜ್ಞೆ) ಮತ್ತು ಒಬ್ಬರು ರೈಫಲ್ ಕೋಚ್ ಉತ್ತರಿಸಿದ್ದಾರೆ.

ಪ್ರಶ್ನೆ: ನಮಸ್ಕಾರ ಸರ್, ನಮಸ್ಕಾರ ಮೇಡಂ. ನಮ್ಮ ಕೊಡಗಿನ ಆಯುಧಪೂಜೆ ಹಬ್ಬ ಕೈಲ್‌ಪೊಳ್ದ್ ಹತ್ತಿರ ಬರ್ತಿದೆ. ಊರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ 0.22 ರೈಫಲ್, 12 ಬೋರ್ ಶಾಟ್‌ಗನ್ ಎರಡರಲ್ಲೂ ಹೆಸರು ಕೊಟ್ಟಿದ್ದೇನೆ. ಎನ್‌ಆರ್‌ಆರ್ (ಸದ್ದು ಎಷ್ಟು ತಗ್ಗಿಸುತ್ತೆ ಅನ್ನೋ ಅಂಕ) 30 ಅಂತ ಬರೆದಿರೋ ದಪ್ಪ ಇಯರ್‌ಮಫ್ ತಗೊಂಡೆ. ಅರ್ಧ ಗಂಟೆಗೆಲ್ಲ ಕಿವಿ ಸುತ್ತ ನೋವು. ಗುರಿ ಹಿಡಿದಾಗ ಬಲಗಡೆ ಕಪ್ ಸ್ಟಾಕಿಗೆ, ಅಂದ್ರೆ ಕೆನ್ನೆ ಇಡೋ ಕೋವಿಯ ಹಿಂಭಾಗಕ್ಕೆ, ತಾಗಿ ಮೇಲೇಳುತ್ತೆ. ಇನ್ನೂ ದೊಡ್ಡ ನಂಬರಿನದು ತಗೋಬೇಕಾ?

ಕೋಚ್: ಬೇಡ. ನಂಬರ್ ದೊಡ್ಡದಾದಷ್ಟೂ ಕಪ್ ಸಾಮಾನ್ಯವಾಗಿ ದಪ್ಪವಾಗುತ್ತೆ, ಸ್ಟಾಕಿಗೆ ಇನ್ನೂ ಬೇಗ ತಾಗುತ್ತೆ. ನಿಮ್ಮ ತೊಂದರೆ ಇರೋದೇ ಅಲ್ಲಿ. ಕಪ್ಪಿನ ಕೆಳಗಿನ ಅಂಚು ಸ್ಟಾಕಿಗೆ ಒತ್ತಿದಾಗ ಕಿವಿ ಕೆಳಗಡೆ, ದವಡೆ ಮೂಲೆಯಲ್ಲಿ ಸಣ್ಣ ಸಂದಿ ಬೀಳುತ್ತೆ. ಟ್ರಿಗರ್ ಎಳೆಯುವ ಹೊತ್ತಿಗೆ ಸರಿಯಾಗಿ ಆ ಸಂದಿ ತೆರೆದಿರುತ್ತೆ. ಗುಂಡು ಹಾರಿದ ಮೇಲೆ ತಲೆ ಎತ್ತುತ್ತೀರಿ, ಕಪ್ ಮತ್ತೆ ಕೂತುಕೊಳ್ಳುತ್ತೆ. ಹಾಗಾಗಿ ಎಲ್ಲ ಸರಿಯಾಗೇ ಇದೆ ಅಂತ ಅನಿಸುತ್ತೆ.

ಮನೆಯಲ್ಲೇ ಪರೀಕ್ಷೆ ಮಾಡಿ. ಕೋವಿ ಖಾಲಿ ಇದೆಯೆಂದು ನೀವೊಬ್ಬರು, ಇನ್ನೊಬ್ಬರು ಕಣ್ಣಾರೆ ನೋಡಿ ಖಚಿತ ಮಾಡಿಕೊಳ್ಳಿ. ಬೋಲ್ಟ್ ತೆರೆದಿರಲಿ, ನಳಿಗೆ ಯಾರೂ ಇಲ್ಲದ ದಿಕ್ಕಿಗಿರಲಿ. ಇಯರ್‌ಮಫ್ ಹಾಕಿ ನಿಂತುಕೊಳ್ಳಿ, ಮನೆಯವರೊಬ್ಬರು ಹಿಂದೆ ನಿಂತು ಒಂದೇ ಸ್ವರದಲ್ಲಿ ಒಂದರಿಂದ ಇಪ್ಪತ್ತರವರೆಗೆ ಎಣಿಸಲಿ. ಎಣಿಕೆ ನಡೆಯುತ್ತಿರುವಾಗ ನಿಧಾನವಾಗಿ ಕೆನ್ನೆಯನ್ನು ಸ್ಟಾಕಿಗೆ ತನ್ನಿ. ಸ್ವರ ಒಮ್ಮೆಲೇ ಸ್ಪಷ್ಟವಾದರೆ ಸೀಲ್, ಅಂದರೆ ಕಿವಿ ಸುತ್ತ ಸಂದಿಯಿಲ್ಲದೆ ಕೂತ ಬಿಗಿ, ಬಿಟ್ಟಿದೆ ಎಂದರ್ಥ. ಅಂಗಡಿಯಲ್ಲಿ ನಿಂತು ಹಾಕಿ ನೋಡಿ ಕೊಳ್ಳುವವರಿಗೆ ಈ ತೊಂದರೆ ಗೊತ್ತೇ ಆಗುವುದಿಲ್ಲ.

ಪರಿಹಾರ: ಕೆಳ ಅಂಚನ್ನು ಓರೆಯಾಗಿ ಕತ್ತರಿಸಿದಂತಿರುವ ತೆಳು ಕಪ್ಪಿನ ಇಯರ್‌ಮಫ್. ಇವುಗಳ ಎನ್‌ಆರ್‌ಆರ್ ಬಹುತೇಕ 21ರಿಂದ 24 ಇರುತ್ತೆ. ಕಾಗದದ ಮೇಲೆ ನಿಮ್ಮದಕ್ಕಿಂತ ಕಡಿಮೆ, ಕೆನ್ನೆ ಇಟ್ಟಾಗ ನಿಮ್ಮದಕ್ಕಿಂತ ಮೇಲು. ಹೆಡ್‌ಬ್ಯಾಂಡ್ ನಡುನೆತ್ತಿಯ ಮೇಲಿರಲಿ. ಹಿಂದಕ್ಕೆ ಜಾರಿಸಿದರೆ ಕಪ್ಪಿನ ತಳ ಮುಂದಕ್ಕೆ ತಿರುಗಿ ಮತ್ತೆ ಸ್ಟಾಕಿಗೇ ಬರುತ್ತೆ. ಕೆನ್ನೆ ಇಡುವ ಜಾಗವನ್ನು ಮಾತ್ರ ಬದಲಾಯಿಸಬೇಡಿ. ಮಫ್ ತಪ್ಪಿಸಲು ತಲೆ ಎತ್ತಿ ಹೊಡೆಯುವವರ ಗುಂಡು ಒಂದು ಕಡೆ ನಿಲ್ಲುವುದಿಲ್ಲ.

ಆಡಿಯಾಲಜಿಸ್ಟ್: ಆ ನಂಬರಿನ ಬಗ್ಗೆ ಒಂದು ಮಾತು. ಎನ್‌ಆರ್‌ಆರ್ ಅಮೆರಿಕದ ಅಳತೆ. ಪ್ರಯೋಗಾಲಯದಲ್ಲಿ ತರಬೇತಾದವರು ಸರಿಯಾಗಿ ಹಾಕಿಕೊಂಡಾಗ ಸಿಕ್ಕ ಫಲ ಅದು. ಯುರೋಪಿನ ಇಂಥದೇ ಅಳತೆ ಎಸ್‌ಎನ್‌ಆರ್ ಅದೇ ವಸ್ತುವಿಗೆ ಸಾಮಾನ್ಯವಾಗಿ ಕೆಲವು ಅಂಕ ಹೆಚ್ಚು ತೋರಿಸುತ್ತೆ, ಆದ್ದರಿಂದ ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬೇಡಿ. ನಿಜ ಬಳಕೆಯಲ್ಲಿ ಎಷ್ಟು ಸಿಗಬಹುದು ಎಂದು ಅಂದಾಜಿಸಲು ಕೆಲಸಗಾರರ ಸುರಕ್ಷತೆ, ಆರೋಗ್ಯ ನೋಡುವ ಅಮೆರಿಕದ ನಿಯೋಷ್ ಸಂಸ್ಥೆ ಕೊಟ್ಟ ಸರಳ ಲೆಕ್ಕವಿದೆ: ಇಯರ್‌ಮಫ್ ಆದರೆ ಕಾಲು ಭಾಗ ಕಳೆಯಿರಿ, ಕಿವಿಯೊಳಗೆ ತೂರಿಸುವ ಫೋಮ್ ಪ್ಲಗ್ ಆದರೆ ಅರ್ಧ ಕಳೆಯಿರಿ. 24ರ ಮಫ್ 18 ಆಗುತ್ತೆ, 32ರ ಫೋಮ್ ಪ್ಲಗ್ 16 ಆಗುತ್ತೆ. ಫೋಮ್ ಕೆಟ್ಟದ್ದೆಂದು ಇದರ ಅರ್ಥವಲ್ಲ. ಹೆಚ್ಚಿನವರು ಅದನ್ನು ಸರಿಯಾಗಿ ಹಾಕುವುದಿಲ್ಲ, ಅಷ್ಟೇ.

ಪ್ರಶ್ನೆ: 0.22 ಸದ್ದು ಪಟಾಕಿಯಷ್ಟೂ ಇಲ್ಲ. ಕಿವಿಗೆ ಹತ್ತಿ ಇಟ್ಕೊಂಡ್ರೆ ಸಾಲ್ದಾ?

ಆಡಿಯಾಲಜಿಸ್ಟ್: ಸಾಲದು. ಗುಂಡಿನ ಸದ್ದು ಕೆಲವೇ ಮಿಲಿಸೆಕೆಂಡಿನಲ್ಲಿ ಮುಗಿದುಹೋಗುತ್ತೆ. ಅಷ್ಟು ಚಿಕ್ಕ ಸದ್ದನ್ನು ನಮ್ಮ ಮಿದುಳು ಇರುವುದಕ್ಕಿಂತ ಕಡಿಮೆಯೆಂದು ತಿಳಿಯುತ್ತೆ. ಜೋರು ಸದ್ದಿಗೆ ಮಧ್ಯಕಿವಿಯ ಸಣ್ಣ ಸ್ನಾಯು ಬಿಗಿಯುವುದೂ ಅಷ್ಟರೊಳಗೆ ಆಗುವುದಿಲ್ಲ. ಆದರೆ ಒಳಕಿವಿಯ ಕೂದಲು ಕೋಶಗಳಿಗೆ ಪೆಟ್ಟು ಪೂರ್ತಿ ಬೀಳುತ್ತೆ, ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ.

ಅಂಕಿ ನೋಡಿ. ದೊಡ್ಡವರಿಗೆ ಒಂದೇ ಒಂದು ಸದ್ದಿನ ಗರಿಷ್ಠ ಮಿತಿ 140 ಡೆಸಿಬೆಲ್. 0.22 ರೈಫಲ್ ಹೊಡೆಯುವವರ ಕಿವಿಯ ಬಳಿ 140ರ ಆಸುಪಾಸಿಗೆ ಬರುತ್ತೆ. 12 ಬೋರ್ 150ರಿಂದ 160, ಹೆಚ್ಚು ಶಕ್ತಿಯ ದೊಡ್ಡ ರೈಫಲ್ ಅದಕ್ಕೂ ಮೇಲೆ. 15 ಡೆಸಿಬೆಲ್ ಹೆಚ್ಚಾದರೆ ಶಕ್ತಿ ಮೂವತ್ತು ಪಟ್ಟು ಹೆಚ್ಚಾದಂತೆ. ಹತ್ತಿ ತಡೆಯುವುದು ಒಂದಂಕಿಯ ಡೆಸಿಬೆಲ್ ಮಾತ್ರ. ಹಾಡು ಕೇಳುವ ಇಯರ್‌ಬಡ್ಡಿನ ನಾಯ್ಸ್ ಕ್ಯಾನ್ಸಲಿಂಗ್ ಕೂಡ ಇದಕ್ಕಲ್ಲ, ಅದು ವಿಮಾನದ ಗುಂಯ್‌ಗುಡುವಿಕೆಯಂಥ ಒಂದೇ ಸಮನೆಯ ಸದ್ದಿಗೆ ಮಾಡಿದ್ದು.

ನನ್ನ ಸಲಹೆ: ಬಯಲಿನಲ್ಲಿ 0.22ಕ್ಕೆ ಸರಿಯಾಗಿ ಕೂತ ಒಂದು ರಕ್ಷಣೆ ಸಾಕು. 12 ಬೋರ್‌ಗೆ, ಅದಕ್ಕಿಂತ ದೊಡ್ಡದಕ್ಕೆ, ಅಥವಾ ತಗಡಿನ ಶೆಡ್ಡಿನ ಕೆಳಗೆ ಯಾವುದೇ ಕೋವಿಗೆ, ಒಳಗೆ ಫೋಮ್ ಪ್ಲಗ್, ಮೇಲೆ ಇಯರ್‌ಮಫ್. ಎರಡು ಹಾಕಿದರೆ ನಂಬರ್ ಎರಡೂ ಕೂಡುವುದಿಲ್ಲ. ಎರಡರಲ್ಲಿ ದೊಡ್ಡದಕ್ಕೆ ಸುಮಾರು 5 ಸೇರಿಸಿ. ಉಳಿದ ಸದ್ದು ತಲೆಬುರುಡೆಯ ಮೂಳೆಯ ಮೂಲಕವೇ ಒಳಗೆ ಹೋಗುತ್ತೆ. ಆದರೂ ಎರಡು ಹಾಕುವುದರ ಲಾಭ ದೊಡ್ಡದು. ಕೆನ್ನೆ ಇಟ್ಟಾಗ ಮಫ್ ಸೀಲ್ ಬಿಟ್ಟರೂ ಒಳಗೆ ಪ್ಲಗ್ ಇರುತ್ತೆ.

ಪ್ರಶ್ನೆ: ಫೋಮ್ ಪ್ಲಗ್ ನನ್ನ ಕಿವೀಲಿ ನಿಲ್ಲೋದೇ ಇಲ್ಲ ಮೇಡಂ. ಐದು ನಿಮಿಷಕ್ಕೆ ಹೊರಗೆ ಬಂದ್ಬಿಡುತ್ತೆ.

ಆಡಿಯಾಲಜಿಸ್ಟ್: ಮೊದಲೇ ಒಳಗೆ ಹೋಗಿರುವುದಿಲ್ಲ, ಅದಕ್ಕೇ ಹೊರಗೆ ಬರುತ್ತೆ. ಕೈ ತೊಳೆದು ಒರೆಸಿಕೊಳ್ಳಿ. ದೀಪದ ಬತ್ತಿ ಹೊಸೆದ ಹಾಗೆ ಪ್ಲಗ್ಗನ್ನು ಬೆರಳುಗಳ ನಡುವೆ ಹೊಸೆಯಿರಿ, ಆದಷ್ಟು ಸಣ್ಣಗೆ, ಎಲ್ಲೂ ಮಡಿಕೆ ಬೀಳದಂತೆ. ಹಿಚುಕಿ ಚಪ್ಪಟೆ ಮಾಡಿದರೆ ಮಡಿಕೆ ಉಳಿದು, ಆ ಗೀರಿನಲ್ಲೇ ಸದ್ದು ನುಗ್ಗುತ್ತೆ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ತುದಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಕಿವಿಯ ದಾರಿ ನೇರವಲ್ಲ, ಸೊಟ್ಟಗಿದೆ. ಹೀಗೆ ಎಳೆದಾಗ ನೇರವಾಗುತ್ತೆ. ಹೊಸೆದ ಪ್ಲಗ್ಗನ್ನು ತಕ್ಷಣ ಒಳಗೆ ತೂರಿಸಿ, ತೋರುಬೆರಳಿನ ತುದಿಯಿಂದ 30 ಸೆಕೆಂಡ್ ಒತ್ತಿ ಹಿಡಿಯಿರಿ. ಹೆಚ್ಚಿನವರು ತಪ್ಪುವುದು ಇಲ್ಲೇ, ಮೂರಕ್ಕೇ ಬೆರಳು ತೆಗೆದುಬಿಡುತ್ತಾರೆ.

ಕನ್ನಡಿಯಲ್ಲಿ ಎದುರಿನಿಂದ ನೋಡಿದರೆ ಪ್ಲಗ್ ಕಾಣಬಾರದು. ಆಮೇಲೆ ಎರಡೂ ಅಂಗೈಯಿಂದ ಕಿವಿಗಳನ್ನು ಗಟ್ಟಿಯಾಗಿ ಮುಚ್ಚಿ. ಸುತ್ತಲಿನ ಸದ್ದು ಇನ್ನೂ ತುಂಬಾ ಇಳಿದರೆ ಪ್ಲಗ್ ಕೂತಿಲ್ಲ. ಹೆಚ್ಚುಕಮ್ಮಿ ಇದ್ದಷ್ಟೇ ಇದ್ದರೆ ಕೂತಿದೆ. ಇಷ್ಟು ಮಾಡಿದರೂ ನಿಲ್ಲದಿದ್ದರೆ ಸಣ್ಣ ಅಳತೆಯದು ತರಿಸಿ. ಕಿವಿ ದಾರಿ ಕಿರಿದಾದವರಿಗೆ, ಅದರಲ್ಲೂ ಹೆಂಗಸರಿಗೆ, ಅಂಗಡಿಯ ಮಾಮೂಲಿ ಅಳತೆ ದೊಡ್ಡದಾಗುವುದುಂಟು. ಫೋಮನ್ನು ತೊಳೆದು ಮತ್ತೆ ಬಳಸಬೇಡಿ, ಗಟ್ಟಿಯಾಗಿ ಉಬ್ಬುವ ಗುಣ ಕಳೆದುಕೊಳ್ಳುತ್ತೆ. ಕಿವಿ ಸೋರುತ್ತಿದ್ದರೆ, ಕಿವಿ ತಮಟೆಯಲ್ಲಿ ತೂತಿದ್ದರೆ ಯಾವ ಪ್ಲಗ್ಗೂ ಬೇಡ, ಮಫ್ ಮಾತ್ರ.

ಪ್ರಶ್ನೆ: ಕನ್ನಡಕ ಹಾಕೋರು ಏನು ಮಾಡ್ಬೇಕು? ಓಲೆ ಹಾಕಿದ್ರೆ?

ಕೋಚ್: ಕಡ್ಡಿ ತೆಳುವಾಗಿ ಚಪ್ಪಟೆಯಾಗಿರುವ ಕನ್ನಡಕ, ಮಫ್ಫಿಗೆ ಜೆಲ್ ತುಂಬಿದ ಕುಶನ್. ದಪ್ಪ ಪ್ಲಾಸ್ಟಿಕ್ ಕಡ್ಡಿ ಕುಶನ್ನನ್ನು ಎತ್ತಿ ಹಿಡಿದು ಕೆಲವು ಡೆಸಿಬೆಲ್ ಸೋರಿಸುತ್ತೆ. ಓಲೆ, ಜುಮುಕಿ ಬಿಚ್ಚಿಡಿ. ಟೋಪಿ ಮಫ್ಫಿನ ಕೆಳಗೆ ಸಿಗದಿರಲಿ. ಮಂಡೆತುಣಿ (ಕೊಡವರ ಪೇಟ) ಸುತ್ತಿ ಗುಂಡು ಹೊಡೆಯುವವರಿಗೆ ಮಫ್ ಕೂರುವುದೇ ಇಲ್ಲ. ಅವರು ಪ್ಲಗ್ ಮೊದಲು ಹಾಕಿ, ಪರೀಕ್ಷಿಸಿ, ಆಮೇಲೆ ಮಂಡೆತುಣಿ ಇಟ್ಟುಕೊಳ್ಳಲಿ.

ನೋವಿಗೆ ಇನ್ನೊಂದು ಕಾರಣ ಗಟ್ಟಿಯಾದ ಕುಶನ್. ಬೆವರಿಗೆ ಅದು ಬಿರಿಯುತ್ತೆ. ಪದೇ ಪದೇ ಬಳಸುವವರು ಆರರಿಂದ ಎಂಟು ತಿಂಗಳಿಗೊಮ್ಮೆ ಬದಲಾಯಿಸಬೇಕು. ಆದ್ದರಿಂದ ಬಿಡಿ ಕುಶನ್ ಸಿಗುವ ಮಾಡೆಲ್ಲನ್ನೇ ಕೊಳ್ಳಿ. ಸ್ಪಿರಿಟ್ ಹಚ್ಚಿ ಒರೆಸಬೇಡಿ, ಸೋಪು ನೀರಿನ ಒದ್ದೆ ಬಟ್ಟೆ ಸಾಕು. ಬಿಗಿ ಕಡಿಮೆಯಾಗಲೆಂದು ಹೆಡ್‌ಬ್ಯಾಂಡನ್ನು ಬಗ್ಗಿಸಬೇಡಿ, ಆ ಬಿಗಿಯೇ ಸೀಲನ್ನು ಹಿಡಿದಿರುವುದು. ಹತ್ತು ಗುಂಡಿಗೊಮ್ಮೆ ಫೈರಿಂಗ್ ಲೈನಿನಿಂದ ದೂರ ಬಂದು ಎರಡು ನಿಮಿಷ ತೆಗೆದಿಡಿ.

ಪ್ರಶ್ನೆ: ಎಲೆಕ್ಟ್ರಾನಿಕ್ ಇಯರ್‌ಮಫ್ ಒಳ್ಳೇದಾ ಸರ್?

ಕೋಚ್: ರೇಂಜ್ ಆಫೀಸರಿಗೆ, ಹೊಸಬರಿಗೆ ತುಂಬಾ ಒಳ್ಳೆಯದು. ಮಾತು ಮೈಕ್ ಮೂಲಕ ಕೇಳುತ್ತೆ, ಸದ್ದು ಸುಮಾರು 85 ಡೆಸಿಬೆಲ್ ದಾಟುವಾಗ ಮೈಕ್ ತಡೆಯುತ್ತೆ. ಆದೇಶ ಕೇಳಿಸಲಿಲ್ಲವೆಂದು ಮಫ್ ಎತ್ತುವ ಚಟ ತಪ್ಪುತ್ತೆ. ರಕ್ಷಣೆ ಕೊಡುವುದು ಮಾತ್ರ ಕಪ್ಪೇ, ಸರ್ಕ್ಯೂಟ್ ಅಲ್ಲ. ಬ್ಯಾಟರಿ ಮುಗಿದರೂ ರಕ್ಷಣೆ ಅಷ್ಟೇ ಇರುತ್ತೆ. ಮಳೆಗಾಲದಲ್ಲಿ ಬ್ಯಾಟರಿ ತೆಗೆದಿಡಿ, ಇಲ್ಲದಿದ್ದರೆ ಒಳಗೆ ಕಿಲುಬು ಹಿಡಿಯುತ್ತೆ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ ಐಎಸ್‌ಎಸ್‌ಎಫ್ ನಿಯಮದ ಪಂದ್ಯಕ್ಕೆ ಹೋಗುವವರು ಇದನ್ನು ನಂಬಿ ಅಭ್ಯಾಸ ಮಾಡಬೇಡಿ. ಅಲ್ಲಿ ಸದ್ದು ತಗ್ಗಿಸುವ ಸಾಧನಕ್ಕೆ ಮಾತ್ರ ಅವಕಾಶ, ಸ್ಪರ್ಧಿಯ ಮಫ್ಫಿನಲ್ಲಿ ರಿಸೀವರ್ ಇರುವಂತಿಲ್ಲ.

ಪ್ರಶ್ನೆ: ಮಕ್ಕಳು ನೋಡೋಕೆ ಬರ್ತಾರೆ. ದೂರ ನಿಲ್ಲಿಸಿದ್ರೆ ಸಾಕಾ?

ಆಡಿಯಾಲಜಿಸ್ಟ್: ಮಕ್ಕಳಿಗೆ ಮಿತಿ 140 ಅಲ್ಲ, 120 ಡೆಸಿಬೆಲ್. ಬಯಲಿನಲ್ಲಿ ದೂರ ಎರಡರಷ್ಟಾದರೆ ಸದ್ದು ಇಳಿಯುವುದು 6 ಡೆಸಿಬೆಲ್ ಮಾತ್ರ. 12 ಬೋರ್ ಹತ್ತಿರ ಹತ್ತು ಹೆಜ್ಜೆ ಹಿಂದೆ ಸರಿಸಿದರೆ ಏನೂ ಸಾಲದು. ನಳಿಗೆಯ ಪಕ್ಕಕ್ಕಂತೂ ನಿಲ್ಲಿಸಲೇಬೇಡಿ, ಹಿಂದೆ ನಿಲ್ಲುವವರಿಗಿಂತ ಪಕ್ಕದವರಿಗೆ ಸದ್ದು ಹೆಚ್ಚು. ಮಕ್ಕಳ ಅಳತೆಯ ಇಯರ್‌ಮಫ್ ಹಾಕಿಸಿ. ದೊಡ್ಡವರದು ಅವರ ತಲೆಗೆ ಸಡಿಲ. ಚಿಕ್ಕ ಮಕ್ಕಳ ಕೈಗೆ ಫೋಮ್ ಪ್ಲಗ್ ಕೊಡಬೇಡಿ, ಬಾಯಿಗೆ ಹಾಕಿಕೊಳ್ಳುತ್ತಾರೆ. ಕಂಕುಳ ಕೂಸನ್ನು ಮನೆಯಲ್ಲೇ ಬಿಟ್ಟು ಬನ್ನಿ, ದಯವಿಟ್ಟು.

ಪ್ರಶ್ನೆ: ನಮ್ಮ ತಂದೆಯವರಿಗೆ ಎಡಗಿವೀಲಿ ಕುಂಯ್ ಅನ್ನೋ ಸದ್ದು. ಬಲಗೈಯವರು, ಕೋವಿ ಬಲಗಡೆ ಇಡ್ತಾರೆ. ಎಡಕ್ಕೆ ಯಾಕೆ?

ಆಡಿಯಾಲಜಿಸ್ಟ್: ಬಲಭುಜಕ್ಕೆ ಇಟ್ಟು ಕೆನ್ನೆ ಬಾಗಿಸಿದಾಗ ಎಡಗಿವಿ ನಳಿಗೆಯ ಬಾಯಿಯ ಕಡೆ ತಿರುಗುತ್ತೆ, ಬಲಗಿವಿ ತಲೆಯ ಮರೆಯಲ್ಲಿರುತ್ತೆ. ಎಡಗೈಯವರಿಗೆ ಇದು ತಿರುವುಮುರುವು. ಹಾನಿ ಮೊದಲು 3000ದಿಂದ 6000 ಹರ್ಟ್ಸ್ ನಡುವೆ ಕಾಣುತ್ತೆ. ಮಾತು ಕೇಳುತ್ತೆ, ಆದರೆ ಗದ್ದಲದಲ್ಲಿ ಸ, ತ, ಕ ಕಳೆದುಹೋಗುತ್ತವೆ. ಅವರಿಗೊಂದು ಆಡಿಯೋಗ್ರಾಮ್, ಅಂದರೆ ಕೇಳುವ ಶಕ್ತಿಯ ಪರೀಕ್ಷೆ, ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಆಯಿಷ್, ಅಂದರೆ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಈ ಪರೀಕ್ಷೆ ಆಗುತ್ತೆ. ಗುಂಡು ಹೊಡೆದ ಮೇಲೆ ಕಿವಿ ಮುಚ್ಚಿದಂತಾಗಿ ಮರುದಿನಕ್ಕೂ ಬಿಡದಿದ್ದರೆ, ಕೇಳುವುದು ಒಮ್ಮೆಲೇ ಕಡಿಮೆಯಾದರೆ, ಎಣ್ಣೆ ಬಿಡುತ್ತಾ ಕಾಯಬೇಡಿ. ಮೂರು ದಿನದೊಳಗೆ ಇಎನ್‌ಟಿ ವೈದ್ಯರ ಬಳಿ ಹೋಗಿ, ಚಿಕಿತ್ಸೆ ಬೇಗ ಶುರುವಾದಷ್ಟೂ ಒಳ್ಳೆಯದು.

ಪ್ರಶ್ನೆ: ಕಿವಿ ಅಳತೆಗೇ ಮಾಡಿಸೋ ಪ್ಲಗ್?

ಆಡಿಯಾಲಜಿಸ್ಟ್: ವಾರವಾರ ಅಭ್ಯಾಸ ಮಾಡುವವರಿಗೆ ಅದಕ್ಕಿಂತ ಹಿತವಾದದ್ದಿಲ್ಲ, ಸ್ಟಾಕಿಗೆ ತಾಗುವ ಮಾತೇ ಇಲ್ಲ. ಅಚ್ಚು ತೆಗೆಯುವವರು ಮೊದಲು ಕಿವಿಯಲ್ಲಿ ಗುಗ್ಗೆ ಇದೆಯೇ ನೋಡಿ ತೆಗೆಯುತ್ತಾರೆ. ತಮಟೆಗೆ ತಾಗದಂತೆ ದಾರ ಕಟ್ಟಿದ ಸಣ್ಣ ಫೋಮ್ ತಡೆ ಇಟ್ಟು, ಸಿಲಿಕೋನ್ ತುಂಬಿ ಐದು ನಿಮಿಷ ಬಿಡುತ್ತಾರೆ. ಆಗ, ಕೆನ್ನೆ ಸ್ಟಾಕಿಗಿಟ್ಟಾಗ ನಿಮ್ಮ ದವಡೆ ಹೇಗಿರುತ್ತೋ ಹಾಗೇ ಇಟ್ಟುಕೊಳ್ಳಿ. ಶೂಟಿಂಗಿಗೆ ಎಂದು ಮೊದಲೇ ಹೇಳಿ. ಈಜಿಗೆ ಮಾಡುವ ಪ್ಲಗ್ ನೀರು ತಡೆಯುವುದಕ್ಕೆ ಮಾತ್ರ, ಸದ್ದಿಗಲ್ಲ.