ಡೆಬಿಯನ್ 12: ಬೂಟ್ ಆಗುವಾಗ ಓಡುವ ಸಾಲುಗಳ ಬದಲು ಚಿತ್ರ ಬರಿಸುವುದು ಹೇಗೆ?

ಗೋಣಿಕೊಪ್ಪ_ಆಫೀಸು
ಕಾಫಿ ತೋಟದ ಆಫೀಸಿನ ಕಂಪ್ಯೂಟರ್. ಡೆಬಿಯನ್ 12 (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್), ಇಂಟೆಲ್ ಗ್ರಾಫಿಕ್ಸ್, ಎಸ್‌ಎಸ್‌ಡಿ. ಆನ್ ಮಾಡಿದ ಕೂಡಲೇ ಓಡುವ ಸಾಲುಗಳನ್ನು ಕಂಡು ಏನೋ ಕೆಟ್ಟಿದೆ ಅಂತ ರೈಟರ್ (ತೋಟದ ಗುಮಾಸ್ತರು) ಪವರ್ ಬಟನ್ ಒತ್ತಿಬಿಡ್ತಾರೆ. ಬೂಟ್ ಆಗುವಾಗ ಚಿತ್ರ ತೋರಿಸುವ ಪ್ಲಿಮತ್ ಹಾಕಿ, ಗ್ರಬ್ (ಆನ್ ಮಾಡಿದಾಗ ಲಿನಕ್ಸನ್ನು ಎಬ್ಬಿಸುವ ಪ್ರೋಗ್ರಾಂ) ಫೈಲಿನಲ್ಲಿ 'ಕ್ವಯಟ್ ಸ್ಪ್ಲಾಶ್' ಸೇರಿಸಿದ್ದೇನೆ. ಆದರೂ ಮೊದಲು ಅಕ್ಷರಗಳೇ ಬಂದು, ಲಾಗಿನ್‌ಗೆ ಸ್ವಲ್ಪ ಮುಂಚೆ ಚಿತ್ರ ಮಿಂಚಿ ಹೋಗುತ್ತದೆ. ತೋಟದ ಹೆಸರನ್ನೂ ಕನ್ನಡದಲ್ಲಿ ತೋರಿಸಬೇಕು.

ಕುಶಾಲನಗರ_ಕರ್ನಲ್
ಕೊನೆಗಾದರೂ ಚಿತ್ರ ಬರುತ್ತಿದೆ ಅಂದರೆ ಪ್ಲಿಮತ್ ಸರಿಯಿದೆ, ಗ್ರಾಫಿಕ್ಸ್ ಡ್ರೈವರ್ ತಡವಾಗಿ ಏಳುತ್ತಿದೆ. ಡ್ರೈವರ್ ಬರುವ ತನಕ ಪ್ಲಿಮತ್‌ಗೆ ಚಿತ್ರ ಬಿಡಿಸಲು ಜಾಗವೇ ಇರುವುದಿಲ್ಲ. ಹಾಗಾಗಿ ಡ್ರೈವರನ್ನು ಇನಿಟ್‌ರ‍್ಯಾಮ್‌ಎಫ್‌ಎಸ್ (ಬೂಟ್‌ನ ಶುರುವಿನಲ್ಲೇ ಮೆಮೊರಿಗೆ ಬರುವ ಪುಟ್ಟ ಫೈಲ್ ಕಟ್ಟು) ಒಳಗೇ ಸೇರಿಸಿ.

'/ಇಟಿಸಿ/ಇನಿಟ್‌ರ‍್ಯಾಮ್‌ಎಫ್‌ಎಸ್-ಟೂಲ್ಸ್/ಮಾಡ್ಯೂಲ್ಸ್' ಫೈಲಿನ ಕೊನೆಗೆ 'ಐ915' (ಇಂಟೆಲ್ ಡ್ರೈವರಿನ ಹೆಸರು) ಅಂತ ಒಂದು ಸಾಲು ಬರೆಯಿರಿ (ಎಎಂಡಿ ಆಗಿದ್ದರೆ 'ಎಎಂಡಿಜಿಪಿಯು'). ಆಮೇಲೆ 'ಸುಡೊ ಅಪ್‌ಡೇಟ್-ಇನಿಟ್‌ರ‍್ಯಾಮ್‌ಎಫ್‌ಎಸ್ -ಯು' ಓಡಿಸಿ. ಗ್ರಬ್ ಫೈಲ್ ಮುಟ್ಟಿದ ಪ್ರತಿ ಸಲವೂ 'ಸುಡೊ ಅಪ್‌ಡೇಟ್-ಗ್ರಬ್' ಬೇಕು. ಇದನ್ನು ಬಿಟ್ಟರೆ ಫೈಲಿನಲ್ಲಿ ಏನೇ ಬರೆದಿದ್ದರೂ ಬೂಟ್‌ನಲ್ಲಿ ಹಳೆಯದೇ ಬರುತ್ತದೆ. '/ಬೂಟ್' ಬೇರೆ ಪಾರ್ಟಿಷನ್ ಆಗಿದ್ದರೆ ಮೊದಲು ಜಾಗ ನೋಡಿ. ಹಳೆಯ ಕರ್ನಲ್‌ಗಳಿಂದ (ಕರ್ನಲ್ ಅಂದರೆ ಲಿನಕ್ಸಿನ ತಿರುಳು) ಅದು ತುಂಬಿದ್ದರೆ ಇನಿಟ್‌ರ‍್ಯಾಮ್‌ಎಫ್‌ಎಸ್ ಕಟ್ಟುವುದು ಅರ್ಧಕ್ಕೇ ನಿಲ್ಲುತ್ತದೆ. 'ಆಪ್ಟ್ ಆಟೊರಿಮೂವ್' ಮಾಡಿ ಅವನ್ನು ತೆಗೆದು ಮುಂದುವರಿಯಿರಿ.

ಚಿತ್ರಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋಗಿ ಬರುವುದು ಗೊತ್ತೇ ಇದೆ. ಹಾಗೆ ಆಫ್ ಆದ ಮೇಲಿನ ಬೂಟ್‌ನಲ್ಲಿ ಡಿಸ್ಕ್ ತಪಾಸಣೆ ನಡೆದರೆ ಅಷ್ಟು ಹೊತ್ತು ಚಿತ್ರ ಸುತ್ತುತ್ತಲೇ ಇರುತ್ತದೆ. ಆಗ ಪವರ್ ಬಟನ್ ಒತ್ತಿದರೆ ನಿಜಕ್ಕೂ ಡೇಟಾ ಹೋಗಬಹುದು. 'ಎಸ್ಕೇಪ್' ಒತ್ತಿದರೆ ಚಿತ್ರ ಸರಿದು ಹಿಂದಿನ ಸಾಲುಗಳು ಕಾಣುತ್ತವೆ, ಇದನ್ನು ರೈಟರಿಗೆ ತಪ್ಪದೆ ಹೇಳಿಕೊಡಿ. ಗ್ರಬ್ ಮೆನು ಅಡಗಿಸುವುದಾದರೆ 'ಗ್ರಬ್_ಟೈಮ್‌ಔಟ್_ಸ್ಟೈಲ್=ಹಿಡನ್' ಇರಲಿ, ಆದರೆ 'ಗ್ರಬ್_ಟೈಮ್‌ಔಟ್' ಸೊನ್ನೆ ಮಾಡಬೇಡಿ, 2 ಇಡಿ. ಹೊಸ ಕರ್ನಲ್ ಕೈಕೊಟ್ಟ ದಿನ ಹಳೆಯದಕ್ಕೆ ಹೋಗಲು ಆ ಎರಡು ಸೆಕೆಂಡೇ ದಾರಿ.

ವಿರಾಜಪೇಟೆ_ಟರ್ಮಿನಲ್
ಕನ್ನಡ ಹೆಸರಿನ ಬಗ್ಗೆ: ಥೀಮ್ (ಪ್ಲಿಮತ್ ತೋರಿಸುವ ಚಿತ್ರಗಳ ಫೋಲ್ಡರ್) ಒಳಗೆ ಅಕ್ಷರವಾಗಿ ಬರೆಸಲು ಹೋಗಬೇಡಿ. ಆ ಹಂತದಲ್ಲಿ ಕನ್ನಡ ಫಾಂಟೂ ಬೇಕು, ಅಕ್ಷರ ಜೋಡಿಸುವ ಲೈಬ್ರರಿಯೂ ಬೇಕು. ಯಾವುದು ಇಲ್ಲದಿದ್ದರೂ ಚೌಕ ಬರುತ್ತದೆ, ಇಲ್ಲವೇ ಒತ್ತಕ್ಷರ ಒಡೆದು ಬರುತ್ತದೆ. ಹೆಸರನ್ನು ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ಪ್ರೋಗ್ರಾಂನಲ್ಲಿ ಬರೆದು, ಹಿನ್ನೆಲೆ ಪಾರದರ್ಶಕವಾಗಿಟ್ಟು, ಪಿಎನ್‌ಜಿ ಮಾಡಿ.

'ಪ್ಲಿಮತ್-ಥೀಮ್ಸ್' ಪ್ಯಾಕೇಜ್ ಹಾಕಿ. '/ಯುಎಸ್‌ಆರ್/ಶೇರ್/ಪ್ಲಿಮತ್/ಥೀಮ್ಸ್' ಒಳಗಿನ 'ಸ್ಪಿನ್ನರ್' ಫೋಲ್ಡರನ್ನು 'ತೋಟ' ಹೆಸರಿಗೆ ಕಾಪಿ ಮಾಡಿ. ಒಳಗಿನ 'ಸ್ಪಿನ್ನರ್.ಪ್ಲಿಮತ್' ಫೈಲಿಗೂ 'ತೋಟ.ಪ್ಲಿಮತ್' ಅಂತಲೇ ಹೆಸರಿಡಿ. ಫೋಲ್ಡರ್ ಹೆಸರಿಗೂ ಇದಕ್ಕೂ ಹೊಂದದಿದ್ದರೆ ಥೀಮ್ ಸಿಗುವುದಿಲ್ಲ. ಅದರೊಳಗೆ 'ಇಮೇಜ್‌ಡಿರ್' ದಾರಿಯನ್ನು ಹೊಸ ಫೋಲ್ಡರಿಗೆ ಬದಲಿಸಿ. ನಿಮ್ಮ ಪಿಎನ್‌ಜಿಯನ್ನು 'ವಾಟರ್‌ಮಾರ್ಕ್.ಪಿಎನ್‌ಜಿ' ಅಂತ ಅಲ್ಲೇ ಇಡಿ. ಅದು ಪರದೆಯ ಕೆಳಗೆ ಬರುತ್ತದೆ. ಮೇಲೆ ಬೇಕಾದರೆ 'ವಾಟರ್‌ಮಾರ್ಕ್‌ವರ್ಟಿಕಲ್‌ಅಲೈನ್‌ಮೆಂಟ್' ಬೆಲೆಯನ್ನು .96 ರಿಂದ .2 ಮಾಡಿ. ಕೊನೆಗೆ 'ಸುಡೊ ಪ್ಲಿಮತ್-ಸೆಟ್-ಡಿಫಾಲ್ಟ್-ಥೀಮ್ -ಆರ್ ತೋಟ'. ಇಲ್ಲಿ 'ಆರ್' ದೊಡ್ಡಕ್ಷರ. ಇನಿಟ್‌ರ‍್ಯಾಮ್‌ಎಫ್‌ಎಸ್ ಮತ್ತೆ ಕಟ್ಟುವುದು ಅದೇ. ನಿಜವಾದ ಕಡತದ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಇಡಿ.

ಗೋಣಿಕೊಪ್ಪ_ಆಫೀಸು
ಇಬ್ಬರಿಗೂ ಧನ್ಯವಾದ. ಹೆಸರು ಚೆನ್ನಾಗಿ ಬಂತು. ಆದರೆ ಮೊಟ್ಟಮೊದಲು 'ಲೋಡಿಂಗ್ ಲಿನಕ್ಸ್', 'ಲೋಡಿಂಗ್ ಇನಿಶಿಯಲ್ ರ‍್ಯಾಮ್‌ಡಿಸ್ಕ್' ಅನ್ನುವ ಎರಡು ಸಾಲು ಇನ್ನೂ ಇವೆ.

ಕುಶಾಲನಗರ_ಕರ್ನಲ್
ಅವು ಗ್ರಬ್ ಬರೆಯುವ ಸಾಲುಗಳು. ಆಗ ಕರ್ನಲ್ಲೇ ಶುರುವಾಗಿರುವುದಿಲ್ಲ, ಪ್ಲಿಮತ್ ಏನೂ ಮಾಡಲಾಗದು. '/ಇಟಿಸಿ/ಗ್ರಬ್.ಡಿ/10_ಲಿನಕ್ಸ್' ಫೈಲಿನಲ್ಲಿ 'ಕ್ವಯಟ್_ಬೂಟ್' 0 ಇರುತ್ತದೆ. 1 ಮಾಡಿ ಗ್ರಬ್ ಅಪ್‌ಡೇಟ್ ಮಾಡಿ. ಮುಂದೆ ಗ್ರಬ್ ಪ್ಯಾಕೇಜಿನ ಹೊಸ ಆವೃತ್ತಿ ಬಂದಾಗ ಈ ಫೈಲ್ ಬದಲಿಸಬೇಕೇ ಅಂತ ಆಪ್ಟ್ ಕೇಳಬಹುದು. ಪ್ಯಾಕೇಜಿನದನ್ನೇ ಒಪ್ಪಿಕೊಂಡು ಆಮೇಲೆ ಮತ್ತೆ 1 ಮಾಡಿ, ಹಳೆಯ ಫೈಲ್ ಉಳಿಸಿಕೊಳ್ಳಬೇಡಿ.