ಚಾಂಗಿಯಲ್ಲಿ ಆರು ಗಂಟೆ: ತಂದೆ ತಾಯಿಗೆ ಲೌಂಜ್ ಪ್ರವೇಶ ಸಿಗುತ್ತದೆಯೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬರುವ ತಿಂಗಳು ನನ್ನ ತಂದೆ ತಾಯಿ ಬೆಂಗಳೂರಿನಿಂದ ಸಿಂಗಪುರದ ಮೂಲಕ ಮೆಲ್ಬರ್ನ್‌ನ ನಮ್ಮ ಮನೆಗೆ ಬರುತ್ತಿದ್ದಾರೆ. ತಂದೆಯವರಿಗೆ 72 ವರ್ಷ, ತಾಯಿಯವರಿಗೆ 67. ಇಬ್ಬರಿಗೂ ಇದು ಮೊದಲ ವಿದೇಶ ಪ್ರಯಾಣ. ಸಿಂಗಪುರ್ ಏರ್‌ಲೈನ್ಸ್‌ನ ಇಕಾನಮಿ ಟಿಕೆಟ್, ಪೂರ್ತಿ ಪ್ರಯಾಣಕ್ಕೆ ಒಂದೇ ಪಿಎನ್‌ಆರ್, ನಡುವೆ ಚಾಂಗಿ ನಿಲ್ದಾಣದಲ್ಲಿ ಸುಮಾರು ಆರು ಗಂಟೆ ಕಾಯಬೇಕು. ತಾಯಿಗೆ ಮಂಡಿನೋವಿದೆ. ರಾತ್ರಿಯಿಡೀ ಕಾಲು ಮಡಚಿ ಕುಳಿತು ಬಂದವರು ಮತ್ತೆ ಗೇಟಿನ ಬಳಿ ಕುರ್ಚಿಯಲ್ಲೇ ಕೂರಬೇಕೆಂದರೆ ನನಗೆ ಸಂಕಟವಾಗುತ್ತದೆ. ಕಚೇರಿಯ ಓಡಾಟದಿಂದಾಗಿ ನನಗೆ ಸಿಂಗಪುರ್ ಏರ್‌ಲೈನ್ಸ್‌ನ ಸದಸ್ಯತ್ವ ಯೋಜನೆಯಾದ ಕ್ರಿಸ್‌ಫ್ಲೈಯರ್‌ನಲ್ಲಿ ಗೋಲ್ಡ್ ದರ್ಜೆ ಸಿಕ್ಕಿದೆ. ನನ್ನ ಸದಸ್ಯತ್ವ ಸಂಖ್ಯೆಯನ್ನು ತೋರಿಸಿ ಅವರು ಲೌಂಜಿಗೆ, ಅಂದರೆ ನಿಲ್ದಾಣದೊಳಗಿನ ವಿಶ್ರಾಂತಿ ಕೊಠಡಿಗೆ, ಹೋಗಬಹುದೇ? ಇಲ್ಲವಾದರೆ ಆ ಯೋಜನೆಯಲ್ಲಿ ಕೂಡಿಟ್ಟ ನನ್ನ ಮೈಲುಗಳನ್ನು (ಪ್ರಯಾಣದ ಅಂಕಗಳನ್ನು) ಬಳಸಿ ತಾಯಿಯವರ ಟಿಕೆಟ್ಟನ್ನಷ್ಟೇ ಬಿಸಿನೆಸ್ ದರ್ಜೆಗೆ ಏರಿಸಿದರೆ, ತಂದೆಯವರನ್ನೂ ಜೊತೆಗೆ ಒಳಗೆ ಬಿಡುತ್ತಾರೆಯೇ?

ಉತ್ತರ 1

ಎರಡೂ ಪ್ರಶ್ನೆಗೆ ಉತ್ತರ ‘ಇಲ್ಲ’ ಎಂದೇ. ಗೋಲ್ಡ್ ದರ್ಜೆ ಪ್ರಯಾಣ ಮಾಡುವ ಸದಸ್ಯರಿಗೆ ಸೇರಿದ್ದು. ನೀವು ಸ್ವತಃ ಸಿಂಗಪುರ್ ಏರ್‌ಲೈನ್ಸ್ ಸೇರಿರುವ ಸ್ಟಾರ್ ಅಲಯನ್ಸ್ ಎಂಬ ವಿಮಾನ ಸಂಸ್ಥೆಗಳ ಕೂಟದ ವಿಮಾನದಲ್ಲಿ ಹೊರಟಿದ್ದರೆ ಇಕಾನಮಿಯಲ್ಲಿದ್ದರೂ ನಿಮಗೆ ಪ್ರವೇಶವಿರುತ್ತಿತ್ತು, ಜೊತೆಗೆ ಪ್ರಯಾಣಿಸುವ ಒಬ್ಬ ಅತಿಥಿಯನ್ನೂ ಕರೆದೊಯ್ಯಬಹುದಿತ್ತು. ನೀವಿಲ್ಲದಿರುವಾಗ ಆ ಸಂಖ್ಯೆಯಿಂದ ಅವರಿಗೆ ಪ್ರಯೋಜನವಿಲ್ಲ. ಬಿಸಿನೆಸ್ ಟಿಕೆಟ್ಟಿನ ಲೆಕ್ಕವೇ ಬೇರೆ: ಅದು ಟಿಕೆಟ್ ಇರುವವರನ್ನು ಮಾತ್ರ ಒಳಗೆ ಬಿಡುತ್ತದೆ, ಅತಿಥಿಗೆ ಅವಕಾಶ ಕೊಡುವುದಿಲ್ಲ. ಕಾರ್ಡಿನಿಂದ ಸಿಗುವ ಹಕ್ಕು ಮತ್ತು ಟಿಕೆಟ್ಟಿನಿಂದ ಸಿಗುವ ಹಕ್ಕು ಒಂದೇ ಎಂದು ತಿಳಿದು, ಲೌಂಜಿನ ಬಾಗಿಲಲ್ಲಿ ಗಂಡ ಹೆಂಡತಿ ಬೇರೆಯಾಗಬೇಕಾಗಿ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೊದಲ ಸಲ ದೇಶ ಬಿಟ್ಟು ಹೊರಟ ಹಿರಿಯರಿಗೆ ಆ ಪರಿಸ್ಥಿತಿ ಬರಬಾರದು.

ಉಳಿದಿರುವುದು ಹಣ ಕೊಟ್ಟು ಹೋಗುವ ಲೌಂಜ್. ಟರ್ಮಿನಲ್ 3ರಲ್ಲಿರುವ ಅಂಬಾಸಡರ್ ಟ್ರಾನ್ಸಿಟ್ ಲೌಂಜಿಗೆ ಯಾವ ವಿಮಾನದ ಪ್ರಯಾಣಿಕರಾದರೂ ಶುಲ್ಕ ಕಟ್ಟಿ ಹೋಗಬಹುದು. ತಂದೆಯವರ ಬ್ಯಾಂಕ್ ಕಾರ್ಡಿನ ಜೊತೆ ಪ್ರಯಾರಿಟಿ ಪಾಸ್ ಎಂಬ ಲೌಂಜ್ ಸದಸ್ಯತ್ವ ಇದ್ದರೆ ಅದನ್ನೂ ಬಳಸಬಹುದು. ಆದರೆ ಬಹಳಷ್ಟು ಕಾರ್ಡುಗಳಲ್ಲಿ ಉಚಿತ ಪ್ರವೇಶ ಕಾರ್ಡುದಾರರಿಗೆ ಮಾತ್ರ, ಜೊತೆಗಿರುವವರಿಗೆ ಡಾಲರ್ ಲೆಕ್ಕದಲ್ಲಿ ಶುಲ್ಕ ಬೀಳುತ್ತದೆ. ಇನ್ನೊಂದು ವಿಷಯ, 2020ರಿಂದೀಚೆಗೆ ನಮ್ಮ ಬ್ಯಾಂಕುಗಳು ಹೊಸ ಕಾರ್ಡುಗಳನ್ನು ದೇಶದೊಳಗಿನ ಬಳಕೆಗೆ ಮಾತ್ರ ತೆರೆದು ಕೊಡುತ್ತಿವೆ. ವಿದೇಶದ ಪಾವತಿಯನ್ನು ಊರಿನಲ್ಲಿರುವಾಗಲೇ ಆ್ಯಪ್‌ನಲ್ಲಿ ತೆರೆದಿಡಲು ತಂದೆಯವರಿಗೆ ಹೇಳಿ.

ಉತ್ತರ 2

ಮಂಡಿನೋವು ಇರುವವರಿಗೆ ಬೇಕಾಗಿರುವುದು ಲೌಂಜಲ್ಲ, ಕಾಲು ಚಾಚಿ ಮಲಗಲು ಒಂದು ಹಾಸಿಗೆ ಎಂಬುದು ನನ್ನ ಅಭಿಪ್ರಾಯ. ಲೌಂಜಿನಲ್ಲಿ ಎಷ್ಟೇ ಮೆತ್ತನೆಯ ಆಸನವಿದ್ದರೂ ಅದು ಆಸನವೇ. ಟರ್ಮಿನಲ್ 1ರ ಟ್ರಾನ್ಸಿಟ್ ವಲಯದಲ್ಲಿ ಏರೋಟೆಲ್ ಎಂಬ ಹೋಟೆಲ್ ಇದೆ. ಅಲ್ಲಿ ಗಂಟೆಗಳ ಲೆಕ್ಕದಲ್ಲಿ ಕೋಣೆ ಕೊಡುತ್ತಾರೆ, ಇಮಿಗ್ರೇಷನ್ ದಾಟಬೇಕಾಗಿಲ್ಲ. ಟರ್ಮಿನಲ್ 1, 2 ಮತ್ತು 3ರ ನಡುವೆ ಸ್ಕೈಟ್ರೇನ್ ಓಡಾಡುತ್ತದೆ. ಆದರೆ ಜ್ಯುವೆಲ್ ಕಟ್ಟಡದಲ್ಲಿರುವ ಯೋಟೆಲ್‌ಏರ್ ಅನ್ನು ತಪ್ಪಿಯೂ ಕಾಯ್ದಿರಿಸಬೇಡಿ. ಅದು ಇಮಿಗ್ರೇಷನ್‌ನ ಆಚೆಗಿದೆ, ಸಿಂಗಪುರದ ವೀಸಾ ಇಲ್ಲದ ಭಾರತೀಯ ಪಾಸ್‌ಪೋರ್ಟಿನವರು ಅಲ್ಲಿಗೆ ಹೋಗುವುದು ಕಷ್ಟ.

ತಂದೆ ತಾಯಿ ಸಸ್ಯಾಹಾರಿಗಳಾಗಿದ್ದರೆ ಊಟದ ವಿಷಯದಲ್ಲಿ ಒಂದು ಎಚ್ಚರಿಕೆ. ಎರಡು ವರ್ಷದ ಹಿಂದೆ ನನ್ನ ತಾಯಿಯ ಜೊತೆ ಅಲ್ಲಿನ ಒಂದು ಲೌಂಜಿನಲ್ಲಿದ್ದೆ. ಕೆಂಪಗೆ ತೆಂಗಿನಹಾಲಿನಲ್ಲಿ ಕುದಿಯುತ್ತಿದ್ದ ಲಕ್ಸಾವನ್ನು (ಅಲ್ಲಿನ ನೂಡಲ್ಸ್ ಸಾರನ್ನು) ಕಂಡು, ನಮ್ಮ ಮನೆಯ ಕಾಯಿರಸದಂತೆಯೇ ಇದೆಯೆಂದು ಅಮ್ಮ ಬಟ್ಟಲು ಹಿಡಿದು ನಿಂತಿದ್ದರು. ಅದರ ಮಸಾಲೆಗೆ ಸಾಮಾನ್ಯವಾಗಿ ಒಣ ಸಿಗಡಿಯನ್ನು ಅರೆದು ಹಾಕುತ್ತಾರೆ. ಮೇಲೆ ತೇಲುವ ಸಿಗಡಿಯನ್ನು ತೆಗೆದ ಮಾತ್ರಕ್ಕೆ ಅದು ಸಸ್ಯಾಹಾರವಾಗುವುದಿಲ್ಲ. ಬಡಿಸುವವರನ್ನು ಕೇಳಿದ ಮೇಲೆ ಅಮ್ಮ ಹಣ್ಣು, ಬ್ರೆಡ್ಡು, ಮೊಸರಿನಲ್ಲಿ ಊಟ ಮುಗಿಸಿದರು. ಬೆಂಗಳೂರಿನಿಂದಲೇ ನಾಲ್ಕು ಚಪಾತಿ, ಚಟ್ನಿಪುಡಿ ಕೊಟ್ಟು ಕಳುಹಿಸಿ. ಮೆಲ್ಬರ್ನ್‌ನಲ್ಲಿ ಇಳಿಯುವ ಮುನ್ನ ಅದು ಮುಗಿದಿರಬೇಕು, ಉಳಿದದ್ದನ್ನು ಅಲ್ಲಿನ ನಿಲ್ದಾಣದ ಅಧಿಕಾರಿಗಳಿಗೆ ಘೋಷಿಸಬೇಕು ಎಂಬುದನ್ನೂ ಹೇಳಿ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದಗಳು. ಹೋಟೆಲಿನ ಯೋಚನೆ ನನಗೆ ಹೊಳೆದೇ ಇರಲಿಲ್ಲ, ಆರು ಗಂಟೆಗಳ ಅವಧಿಗೆ ಕೋಣೆ ಕಾಯ್ದಿರಿಸುತ್ತೇನೆ. ತಾಯಿಗೆ ವ್ಹೀಲ್‌ಚೇರ್ ಕೋರಿದ್ದೇವೆ. ಅದನ್ನು ತಳ್ಳುವ ಸಿಬ್ಬಂದಿ ಹೋಟೆಲಿನವರೆಗೆ ಬರುತ್ತಾರೆಯೇ?

ಉತ್ತರ 3

ನಾವು ಹೇಳದಿದ್ದರೆ ಸಾಮಾನ್ಯವಾಗಿ ನೆರವು ಬೇಕಾದವರನ್ನೆಲ್ಲ ಒಂದೆಡೆ ಕೂರಿಸಿ, ಮುಂದಿನ ವಿಮಾನದ ಹೊತ್ತಿಗೆ ಬಂದು ಕರೆದೊಯ್ಯುತ್ತಾರೆ. ಆದ್ದರಿಂದ ಬೆಂಗಳೂರಿನ ಚೆಕ್‌ಇನ್ ಕೌಂಟರಿನಲ್ಲೇ ಕೇಳಿಕೊಳ್ಳಲಿ. ವಿಮಾನದಿಂದ ಇಳಿದ ಕೂಡಲೇ ತೋರಿಸಲು ಒಂದು ಚೀಟಿಯನ್ನೂ ಇಂಗ್ಲಿಷಿನಲ್ಲಿ ಬರೆದು ಕೊಡಿ: ಹೋಟೆಲಿನ ಹೆಸರು, ಟರ್ಮಿನಲ್, ಮೆಲ್ಬರ್ನ್ ವಿಮಾನದ ಸಂಖ್ಯೆ, ಮತ್ತೆ ಬಂದು ಕರೆದೊಯ್ಯಬೇಕಾದ ಸಮಯ. ಎರಡೂ ವಿಮಾನಗಳ ಬೋರ್ಡಿಂಗ್ ಪಾಸನ್ನು ಬೆಂಗಳೂರಿನಲ್ಲೇ ಪಡೆಯಲಿ. ಕರೆದೊಯ್ಯುವ ಸಮಯವನ್ನು ಸ್ವಲ್ಪ ಮುಂಚೆಯೇ ಇಟ್ಟುಕೊಳ್ಳಿ, ಏಕೆಂದರೆ ಆ ಮೂರು ಟರ್ಮಿನಲ್‌ಗಳಲ್ಲಿ ಭದ್ರತಾ ತಪಾಸಣೆ ನಡೆಯುವುದು ಗೇಟಿನ ಬಾಗಿಲಲ್ಲೇ. ಹೋಟೆಲಿನಲ್ಲಿ ತುಂಬಿಸಿಕೊಂಡ ನೀರಿನ ಬಾಟಲಿಯನ್ನು ಅಲ್ಲಿ ಖಾಲಿ ಮಾಡಬೇಕಾಗುತ್ತದೆ. ಶೌಚಾಲಯಕ್ಕೆ ಒಳಗೆ ಹೋಗುವ ಮುನ್ನವೇ ಹೋಗಿಬರಲಿ. ಒಮ್ಮೆ ಹೊರಬಂದರೆ ತಾಯಿಯವರು ಆ ತಪಾಸಣೆಯ ಸಾಲಿನಲ್ಲಿ ಮತ್ತೊಮ್ಮೆ ನಿಲ್ಲಬೇಕಾದೀತು.